ಯುದ್ಧದ ಕತೇಲಿ ಸೂಲಗಿತ್ತಿ ಯಾವಾಗ್ಲೂ ಒಳ್ಳೆಯವಳೇ ಯಾಕೆ?

ಯುದ್ಧದ ಕಾದಂಬರೀಲಿ ಸೂಲಗಿತ್ತಿ ಎಂಟ್ರಿ ಕೊಟ್ಲು ಅಂದ್ರೆ ಮುಂದೇನು ಅಂತ ನಂಗೆ ಈಗೀಗ ಮೊದ್ಲೇ ಗೊತ್ತಾಗ್ಬಿಡುತ್ತೆ. ಹೊರಗೆ ಬಾಂಬು, ಒಳಗೆ ಹೆರಿಗೆ ನೋವು, ಡಾಕ್ಟ್ರು ಬರೋ ಹಾಗಿಲ್ಲ, ಯಾರೋ ಬಿಸಿನೀರಿಗೆ ಓಡ್ತಾರೆ, ಕೊನೇಗೆ ಮಗು ಅಳುತ್ತೆ, ಅಲ್ಲಿಗೆ ಅಧ್ಯಾಯ ಮುಗೀತು. ಚೆನ್ನಾಗೇ ಇರುತ್ತೆ ಬಿಡಿ, ನಾನೂ ಕಣ್ಣು ಒರೆಸ್ಕೊಂಡಿದೀನಿ. ಆದ್ರೆ ಈ ಹೆಂಗಸರಿಗೆಲ್ಲ ಬರೀ ಕೈಗುಣ ಇರುತ್ತೆ, ಲೈಸೆನ್ಸು, ರಿಜಿಸ್ಟರು, ಫಾರ್ಮು, ಮೇಲಿನೋರು ಅಂತ ಏನೂ ಇರಲ್ಲ. ನಿಜವಾಗ್ಲೂ ಇಪ್ಪತ್ತನೇ ಶತಮಾನದ ಯೂರೋಪಲ್ಲಿ ಸೂಲಗಿತ್ತಿ ಅಂದ್ರೆ ಅರ್ಧಕ್ಕರ್ಧ ಸರ್ಕಾರದ ಮನುಷ್ಯಳೇ ಆಗಿದ್ಲು, ಯುದ್ಧ ಬಂದಾಗ ಆ ಅರ್ಧ ಏನ್ಮಾಡ್ತು ಅನ್ನೋದೇ ನಂಗೆ ಕುತೂಹಲ.

ಇಂಗ್ಲೆಂಡಿಂದು ಬೇಗ ಹೇಳಿ ಮುಗಿಸ್ತೀನಿ. ಅಲ್ಲಿ 1902ರಲ್ಲಿ ಮಿಡ್‌ವೈವ್ಸ್ ಆಕ್ಟ್ ಬಂತು, ಹೆಸರು ರಿಜಿಸ್ಟರಲ್ಲಿ ಇಲ್ದೇ ಇದ್ರೆ ಮಿಡ್‌ವೈಫ್ ಅಂತ ಹೇಳ್ಕೊಳ್ಳೋ ಹಾಗಿಲ್ಲ ಅಂತಾಯ್ತು, ಇನ್ಸ್‌ಪೆಕ್ಟರು ಬಂದು ಬ್ಯಾಗ್ ತೆಗೆದು ನೋಡೋಳು. 1936ರಲ್ಲಿ ಇನ್ನೊಂದು ಕಾಯ್ದೆ ಬಂದು ಸ್ಥಳೀಯ ಆಡಳಿತದಿಂದ ಸಂಬಳ ಸಿಗೋ ಹಾಗಾಯ್ತು. ಅದಾಗಿ ಮೂರು ವರ್ಷಕ್ಕೆ ಯುದ್ಧ. ಲಂಡನ್ನಿಂದ ಬಸುರಿಯರನ್ನ ಹಳ್ಳಿ ಕಡೆ ಸಾಗಿಸಿ ಶ್ರೀಮಂತರ ಬಂಗಲೆಗಳಲ್ಲಿ ಹೆರಿಗೆ ಮಾಡಿಸಿದ್ರು. ಅದ್ರಲ್ಲಿ ಬ್ರಾಕೆಟ್ ಹಾಲ್ ಅನ್ನೋ ದೊಡ್ಡ ಮನೇಲಿ ಸಾವಿರಾರು ಮಕ್ಕಳು ಹುಟ್ಟಿದ್ವು, ಆ ಮನೆ ಯಜಮಾನ ಲಾರ್ಡ್ ಬ್ರಾಕೆಟ್ 1939ರಲ್ಲಿ ಹಿಟ್ಲರನ ಐವತ್ತನೇ ಹುಟ್ಟುಹಬ್ಬಕ್ಕೆ ಹೋಗ್ಬಂದಿದ್ದ ಗಿರಾಕಿ! ಈ ಒಂದು ಮನೆ ಸಾಕು ಕಾದಂಬರಿ ಬರೆಯೋಕೆ.

ಜರ್ಮನಿ ವಿಷ್ಯ ಬೇರೆ. ಡಾಕ್ಟ್ರುಗಳ ಕೈಕೆಳಗೆ, ಗ್ಯಾರಂಟಿ ಆದಾಯ ಇಲ್ದೆ ಒದ್ದಾಡ್ತಿದ್ದ ಸೂಲಗಿತ್ತಿಯರಿಗೆ ಅಲ್ಲಿ ಬಲ ಬಂದಿದ್ದು ನಾಜಿಗಳ ಕಾಲದಲ್ಲಿ. 1938ರ ಡಿಸೆಂಬರಲ್ಲಿ ಬಂದ ಕಾನೂನಿನ ಪ್ರಕಾರ ಪ್ರತಿ ಹೆರಿಗೆಗೂ ಸೂಲಗಿತ್ತಿ ಇರ್ಲೇಬೇಕು, ಡಾಕ್ಟ್ರು ಪಕ್ಕದಲ್ಲೇ ಇದ್ರೂ ಅವಳನ್ನ ಕರೀಲೇಬೇಕು. ಸೂಲಗಿತ್ತಿಯರ ಸಂಘಟನೆಗೆ ನಾನ್ನಾ ಕಾಂಟಿ ಅನ್ನೋಳು ನಾಯಕಿ, ಅವಳ ಮಗ ಲಿಯೊನಾರ್ಡೊ ಕಾಂಟಿ ಇಡೀ ನಾಜಿ ಜರ್ಮನಿಯ ಆರೋಗ್ಯ ಇಲಾಖೆಯ ದೊಡ್ಡ ತಲೆ. ಆ ಕಾನೂನು ಬಂದು ಒಂದು ವರ್ಷ ಕೂಡ ಆಗಿರ್ಲಿಲ್ಲ, 1939ರ ಆಗಸ್ಟಲ್ಲಿ ಒಂದು ಸುತ್ತೋಲೆ ಬಂತು: ಅಂಗವೈಕಲ್ಯ ಇರೋ, ಡೌನ್ ಸಿಂಡ್ರೋಮ್ ಇರೋ, ತಲೇಲಿ ನೀರು ತುಂಬಿಕೊಂಡಿರೋ ಮಗು ಹುಟ್ಟಿದ್ರೆ ಫಾರ್ಮು ತುಂಬಿ ಕಳಿಸಿ. ಒಂದು ಫಾರ್ಮಿಗೆ ಸೂಲಗಿತ್ತಿಗೆ ಎರಡು ಮಾರ್ಕ್. ಮೂರು ಜನ ತಜ್ಞರು ಮಗುವನ್ನ ಕಣ್ಣಲ್ಲೂ ನೋಡ್ದೆ ಆ ಕಾಗದದ ಮೇಲೆ ಪ್ಲಸ್ಸೋ ಮೈನಸ್ಸೋ ಹಾಕೋರು, ಪ್ಲಸ್ ಬಿದ್ರೆ ವಿಶೇಷ ಚಿಕಿತ್ಸೆ ಅಂತ ತಾಯಿಗೆ ಹೇಳಿ ಮಗುನ ಕರ್ಕೊಂಡು ಹೋಗಿ ಕೊಲ್ಲೋರು. ಹೀಗೆ ಸತ್ತ ಮಕ್ಕಳು ಕಮ್ಮಿ ಅಂದ್ರೂ 5000. ಪ್ರತಿ ಹೆರಿಗೇಲೂ ಸೂಲಗಿತ್ತಿ ಇರ್ಬೇಕು ಅಂತ ಹೋರಾಡಿ ಪಡೆದಿದ್ದೇ ಆ ಸರ್ಕಾರಕ್ಕೆ ಪ್ರತಿ ಮನೆಯ ಹೆರಿಗೆ ಕೋಣೇಲೂ ಒಂದು ಜೊತೆ ಕಣ್ಣಾಗಿ ಒದಗಿಬಂತು ನೋಡಿ, ಇದು ನಂಗೆ ಬಾಂಬಿಗಿಂತ ಭಯ.

ಇನ್ನು ಎಲ್ರೂ ಬರೆಯೋ ಕತೆ, ಸ್ಟಾನಿಸ್ವಾವಾ ಲೆಶ್ಚಿನ್ಸ್ಕಾ ಅವರದ್ದು. ಪೋಲೆಂಡಿನ ವೂಚ್ ನಗರದ ಸೂಲಗಿತ್ತಿ, 1896ರಲ್ಲಿ ಹುಟ್ಟಿದೋರು. ಮನೆಯೋರೆಲ್ಲ ಯಹೂದಿಗಳಿಗೆ ಸಹಾಯ ಮಾಡ್ತಿದ್ರು, 1943ರಲ್ಲಿ ಗೆಸ್ಟಾಪೊ ಅನ್ನೋ ನಾಜಿ ಗುಪ್ತ ಪೊಲೀಸು ಹಿಡೀತು, ಮಗಳ ಜೊತೆ ನಾಜಿಗಳ ಸೆರೆಕ್ಯಾಂಪ್ ಆಶ್‌ವಿಟ್ಜ್‌ಗೆ ಹಾಕಿದ್ರು. ಅಲ್ಲಿ ಅವರು ಹೆರಿಗೆ ಮಾಡಿಸಿದ್ದು ಬ್ಯಾರಕ್ಕಿನ ಉದ್ದಕ್ಕೂ ಹಾದುಹೋಗೋ ಇಟ್ಟಿಗೆ ಒಲೆಯ ಕಟ್ಟೆ ಮೇಲೆ. ಒಂದು ಬಕೆಟ್ ನೀರು ತರೋಕೆ ಇಪ್ಪತ್ತು ನಿಮಿಷ. ದಿನ ತುಂಬಿದ ಹೆಂಗಸು ತನ್ನ ಪಾಲಿನ ಬ್ರೆಡ್ ತಿನ್ನದೆ ಉಳಿಸಿ, ಅದನ್ನ ಕೊಟ್ಟು ಒಂದು ಬೆಡ್‌ಶೀಟ್ ಸಂಪಾದಿಸಿ ಹರಿದು ಮಗುವಿಗೆ ಬಟ್ಟೆ ಮಾಡ್ಕೋಬೇಕಿತ್ತು. ಅವರದೇ ಲೆಕ್ಕದಲ್ಲಿ ಸುಮಾರು 3000 ಹೆರಿಗೆ, ಹೆರಿಗೇಲಿ ಒಬ್ಬ ತಾಯೀನೂ ಸಾಯಲಿಲ್ಲ. ನಂಜು ಎಷ್ಟು ಜನಕ್ಕಾಯ್ತು, ಸಾವೆಷ್ಟು ಅಂತ ಕ್ಯಾಂಪ್ ಡಾಕ್ಟ್ರು ವರದಿ ಕೇಳಿದಾಗ ಒಂದೂ ಇಲ್ಲ ಅಂದ್ರಂತೆ, ಆತ ನಂಬಲಿಲ್ಲ. ಸೋಪಿಲ್ಲ ನೀರಿಲ್ಲ, ಹೇನು ಇಲಿ ತುಂಬಿದ ಜಾಗ, ಹೇಗೆ ನಂಬ್ತಾನೆ.

ಇಲ್ಲಿವರೆಗೂ ಕಾದಂಬರಿಗೆ ಸರಿ. ಆದ್ರೆ ಅದೇ ಬ್ಯಾರಕ್ಕಲ್ಲಿ ಕ್ಲಾರಾ ಅಂತ ಇನ್ನೊಬ್ಬಳು ಸೂಲಗಿತ್ತಿ ಇದ್ಲು, ಜರ್ಮನ್ನಳು, ಶಿಶುಹತ್ಯೆ ಮಾಡಿ ಜೈಲಿಗೆ ಬಂದೋಳು. ಆ ಕಾರಣಕ್ಕೆ ಅವಳು ಹೆರಿಗೆ ಮಾಡಿಸೋ ಹಾಗಿಲ್ಲ ಅಂತ ನಿಯಮ ಇತ್ತು, ಅದನ್ನ ಪಾಲಿಸಿದ್ರು ಕೂಡ. ಅವಳಿಗೆ ಕೊಟ್ಟ ಕೆಲ್ಸ ಹುಟ್ಟಿದ ಮಕ್ಕಳನ್ನ ಪೀಪಾಯಿ ನೀರಲ್ಲಿ ಮುಳುಗಿಸೋದು. ಲೆಶ್ಚಿನ್ಸ್ಕಾ ಲೆಕ್ಕದಲ್ಲಿ ಹಾಗೆ ಹೋದವು ಸುಮಾರು 1500, ಹಸಿವು ಚಳಿಗೆ ಸಾವಿರ, ಕೆಲವು ನೂರು ಮಕ್ಕಳನ್ನ ಜರ್ಮನ್ ಮಾಡೋಕೆ ಅಂತ ಎತ್ಕೊಂಡು ಹೋದ್ರು, ಕ್ಯಾಂಪಿಂದ ಜೀವಂತ ಬಂದವು 30. ಎತ್ಕೊಂಡು ಹೋಗೋ ಮಕ್ಕಳಿಗೆ ಲೆಶ್ಚಿನ್ಸ್ಕಾ, ಕ್ಯಾಂಪ್ ಕಾಯೋ ಎಸ್‌ಎಸ್‌ನೋರಿಗೆ ಕಾಣದ ಹಾಗೆ ಗುರುತು ಹಾಕ್ತಿದ್ರಂತೆ, ಮುಂದೆಂದಾದ್ರೂ ತಾಯಿ ಹುಡುಕಿಯಾಳು ಅಂತ.

ಅನ್ನಾ ಸ್ಟುವರ್ಟ್ ಬರೆದ 'ದ ಮಿಡ್‌ವೈಫ್ ಆಫ್ ಆಶ್‌ವಿಟ್ಜ್' ಹುಟ್ಟಿದ್ದು ಈ ಜೀವನದಿಂದಾನೇ, ಆ ಗುರುತಿನ ವಿಷ್ಯಾನೇ ಅದ್ರಲ್ಲಿ ಜೀವಾಳ. ಅದು ತಪ್ಪಲ್ಲ, ಬದುಕಿದ ಆ ಮೂವತ್ತು ಮಕ್ಕಳನ್ನ ಹಿಡ್ಕೊಂಡು ಕತೆ ಕಟ್ದೆ ಇನ್ನೇನ್ಮಾಡ್ತಾರೆ. ಲೆಶ್ಚಿನ್ಸ್ಕಾ ಮಾತ್ರ ಯುದ್ಧ ಮುಗಿದ ಮೇಲೆ ಊರಿಗೆ ಹೋಗಿ ಮತ್ತೆ ಹೆರಿಗೆ ಮಾಡಿಸ್ತಾ ವರ್ಷಗಟ್ಟಲೆ ಇದ್ದು, 1965ರಲ್ಲಿ ಒಂದು ಮೆಡಿಕಲ್ ಪತ್ರಿಕೇಲಿ ತಣ್ಣಗೆ ಒಂದು ವರದಿ ಬರೆದ್ರು. ವರದಿ ಅಂತಾನೇ ಕರೆದ್ರು. ಕೆಲ್ಸ ಮಾಡಿದೋರು ಲೆಕ್ಕ ಒಪ್ಪಿಸೋ ಥರ ಇದೆ ಅದು, ಯಾವ ಕಾದಂಬರೀನೂ ಅಷ್ಟು ಹತ್ತಿರ ಹೋಗಿಲ್ಲ ಅನ್ಸುತ್ತೆ ನಂಗೆ.

ಕತೆಗಳಲ್ಲಿ ನಂಗೆ ಜಾಸ್ತಿ ಇಷ್ಟ ಆಗಿದ್ದು ಎಮ್ಮಾ ಡೊನಹ್ಯೂ ಅವರ 'ದ ಪುಲ್ ಆಫ್ ದ ಸ್ಟಾರ್ಸ್'. 1918ರ ಡಬ್ಲಿನ್, ಫ್ಲೂ ಹತ್ತಿದ ಬಸುರಿಯರ ವಾರ್ಡು, ಮೂರೇ ದಿನದ ಕತೆ. ಅಲ್ಲಿ ನರ್ಸ್ ಜೂಲಿಯಾಗೆ ಕೈಗುಣಾನೂ ಇದೆ, ನಿಯಮಗಳ ಕಾಟಾನೂ ಇದೆ, ಏನು ಮಾಡ್ಬಹುದು ಏನು ಮಾಡೋ ಹಾಗಿಲ್ಲ ಅಂತ ಪ್ರತಿ ಪುಟದಲ್ಲೂ ಒದ್ದಾಡ್ತಾಳೆ, ಕಳ್ಕೊಂಡ ರೋಗಿಗಳಿಗೆ ತನ್ನ ವಾಚಿನ ಹಿಂದೆ ಗೀರು ಹಾಕ್ತಾಳೆ.

ನಂಗೀಗ ಓದ್ಬೇಕಿರೋದು ಇನ್ನೊಂದು ಥರದ್ದು. ಜರ್ಮನಿಯ ಬವೇರಿಯಾ ಕಡೆ ಯಾವುದೋ ಹಳ್ಳಿ, ಮೂವತ್ತು ವರ್ಷದಿಂದ ಊರಿಗೆಲ್ಲ ಹೆರಿಗೆ ಮಾಡಿಸಿರೋ ಹೆಂಗಸು, ಎಲ್ರಿಗೂ ಬೇಕಾದೋಳು, 1940ರ ಒಂದು ಸಾಯಂಕಾಲ ಪಕ್ಕದ್ಮನೆ ಮಗು ಬಗ್ಗೆ ಆ ಫಾರ್ಮನ್ನ ಶ್ರದ್ಧೆಯಿಂದ ತುಂಬ್ತಾಳೆ. ರಾಕ್ಷಸಿ ಮಾಡದೆ, ಕೊನೇ ಅಧ್ಯಾಯದಲ್ಲಿ ಪಶ್ಚಾತ್ತಾಪಾನೂ ಪಡಿಸದೆ ಯಾರಾದ್ರೂ ಇದನ್ನ ಬರೆದಿದ್ರೆ ಹೆಸರು ಹೇಳಿ, ಈ ವಾರಾನೇ ತರಿಸ್ಕೋತೀನಿ.