ಅಮೆರಿಕದ ಗುತ್ತಿಗೆದಾರರ ಲೈಸೆನ್ಸ್: ರಾಜ್ಯಕ್ಕೊಂದು ಕಾನೂನು

ಅಮೆರಿಕದಲ್ಲಿ ಮನೆ ಕೊಂಡ ಬಂಧುಮಿತ್ರರು ಅಡುಗೆಮನೆಯನ್ನೋ ಚಾವಣಿಯನ್ನೋ ಹೊಸದಾಗಿ ಮಾಡಿಸಲು ಹೊರಟಾಗ, ಗುತ್ತಿಗೆದಾರನಿಗೆ ಲೈಸೆನ್ಸ್ ಇದೆಯಂತೆ ಎಂಬ ಒಂದೇ ಮಾತಿಗೆ ಸಮಾಧಾನಪಟ್ಟುಕೊಳ್ಳುವುದನ್ನು ಹಲವು ಸಲ ಕಂಡಿದ್ದೇನೆ. ಆ ಮಾತಿಗೆ ಎಷ್ಟು ಬೆಲೆ ಎಂಬುದು ಮನೆ ಯಾವ ರಾಜ್ಯದಲ್ಲಿದೆ ಎಂಬುದನ್ನು ಅವಲಂಬಿಸಿದೆ. ಕಟ್ಟಡ ಗುತ್ತಿಗೆದಾರರಿಗೆ ಇಡೀ ದೇಶಕ್ಕೆ ಅನ್ವಯಿಸುವ ಲೈಸೆನ್ಸ್ ಎಂಬುದು ಅಲ್ಲಿ ಇಲ್ಲವೇ ಇಲ್ಲ. ಯಾರು ಪರೀಕ್ಷೆ ಬರೆಯಬೇಕು, ಎಷ್ಟು ಮೊತ್ತದ ಕೆಲಸದಿಂದ ಮೇಲಕ್ಕೆ ಲೈಸೆನ್ಸ್ ಬೇಕು ಎಂಬುದನ್ನೆಲ್ಲ ಆಯಾ ರಾಜ್ಯದ ಶಾಸನಸಭೆ ತೀರ್ಮಾನಿಸುತ್ತದೆ. ಕೆಲವು ರಾಜ್ಯಗಳು ಆ ಹೊಣೆಯನ್ನು ನಗರಗಳಿಗೂ ಕೌಂಟಿಗಳಿಗೂ ಬಿಟ್ಟುಬಿಟ್ಟಿವೆ.

ಟೆಕ್ಸಸ್‌ನಲ್ಲಿ ಇಡೀ ಮನೆಯನ್ನೇ ಕಟ್ಟಿಕೊಡುವ ಸಾಮಾನ್ಯ ಗುತ್ತಿಗೆದಾರನಿಗೆ ರಾಜ್ಯದ ಲೈಸೆನ್ಸ್ ಬೇಕಿಲ್ಲ, ಆದರೆ ಅದೇ ಮನೆಗೆ ತಂತಿ ಎಳೆಯುವ ಎಲೆಕ್ಟ್ರಿಷಿಯನ್‌ಗೆ, ಏಸಿ ಕೂರಿಸುವವನಿಗೆ ಮತ್ತು ಪ್ಲಂಬರ್‌ಗೆ ಬೇಕು. ಪ್ಲಂಬರ್‌ಗಳಿಗೆಂದೇ ಪ್ರತ್ಯೇಕ ಮಂಡಳಿಯೂ ಇದೆ. 2019ರಲ್ಲಿ ಅಲ್ಲಿನ ಶಾಸನಸಭೆ ಆ ಮಂಡಳಿಯ ಅವಧಿಯನ್ನು ವಿಸ್ತರಿಸದೆ ಅಧಿವೇಶನ ಮುಗಿಸಿಬಿಟ್ಟಾಗ, ರಾಜ್ಯಪಾಲ ಗ್ರೆಗ್ ಆಬಟ್ ಹಾರ್ವಿ ಚಂಡಮಾರುತದ ನಂತರದ ಪುನರ್ನಿರ್ಮಾಣ ಇನ್ನೂ ಮುಗಿದಿಲ್ಲವೆಂಬ ಕಾರಣ ಕೊಟ್ಟು, ವಿಶೇಷ ಆದೇಶದ ಮೂಲಕ ಅದನ್ನು 2021ರವರೆಗೆ ಉಳಿಸಿಕೊಂಡರು. ನ್ಯೂಯಾರ್ಕ್ ರಾಜ್ಯದಲ್ಲೂ ಸಾಮಾನ್ಯ ಗುತ್ತಿಗೆದಾರನಿಗೆ ರಾಜ್ಯಮಟ್ಟದ ಲೈಸೆನ್ಸ್ ಇಲ್ಲ, ಆದರೆ ನ್ಯೂಯಾರ್ಕ್ ನಗರದಲ್ಲಿ ಮನೆ ದುರಸ್ತಿ ಮಾಡುವವನು ನಗರಾಡಳಿತದಿಂದ ಲೈಸೆನ್ಸ್ ಪಡೆಯಬೇಕು. ಪೆನ್ಸಿಲ್ವೇನಿಯಾದಲ್ಲಿ ಮನೆ ದುರಸ್ತಿಯವರು ಅಟಾರ್ನಿ ಜನರಲ್ ಕಚೇರಿಯಲ್ಲಿ ಹೆಸರು ನೋಂದಾಯಿಸಿ ವಿಮೆ ತೋರಿಸಿದರೆ ಸಾಕು, ಕಸುಬಿನ ಪರೀಕ್ಷೆ ಇಲ್ಲ. ಅಂಥ ನೋಂದಣಿ ಸಂಖ್ಯೆಯನ್ನು ಕೈಚಳಕದ ಪ್ರಮಾಣಪತ್ರವೆಂದು ತಿಳಿಯುವುದು ನಮ್ಮ ತಪ್ಪೇ ಹೊರತು ಗುತ್ತಿಗೆದಾರನದಲ್ಲ. ಫ್ಲಾರಿಡಾದಲ್ಲಿ ಎರಡು ವರ್ಗಗಳಿವೆ: ರಾಜ್ಯದ ಪರೀಕ್ಷೆ ತೇರ್ಗಡೆಯಾದವರು ರಾಜ್ಯದ ಯಾವ ಮೂಲೆಯಲ್ಲಾದರೂ ಕೆಲಸ ಹಿಡಿಯಬಹುದು, ಸ್ಥಳೀಯವಾಗಿ ಅರ್ಹತೆ ಪಡೆದು ರಾಜ್ಯದಲ್ಲಿ ನೋಂದಾಯಿಸಿಕೊಂಡವರು ಆಯಾ ಪ್ರದೇಶದ ಗಡಿ ದಾಟುವಂತಿಲ್ಲ.

ಈ ಎಲ್ಲದರ ನಡುವೆ ಕ್ಯಾಲಿಫೋರ್ನಿಯಾದ ಕಾನೂನು ಅತ್ಯಂತ ಕಟ್ಟುನಿಟ್ಟಾದವುಗಳಲ್ಲಿ ಒಂದು. ಅಲ್ಲಿನ ಗುತ್ತಿಗೆದಾರರ ಲೈಸೆನ್ಸ್ ಮಂಡಳಿಯ ಇತಿಹಾಸ 1929ರಷ್ಟು ಹಿಂದಕ್ಕೆ ಹೋಗುತ್ತದೆ. ಸಾಮಾನ್ಯ ಕಟ್ಟಡದ ಕೆಲಸಕ್ಕೆ ಬಿ, ವಿದ್ಯುತ್ತಿಗೆ ಸಿ-10, ಪ್ಲಂಬಿಂಗ್‌ಗೆ ಸಿ-36, ಚಾವಣಿಗೆ ಸಿ-39 ಎಂದು ಕಸುಬಿಗೊಂದು ವರ್ಗವಿದೆ. ಅರ್ಜಿದಾರ ಕಳೆದ 10 ವರ್ಷಗಳಲ್ಲಿ ಕನಿಷ್ಠ 4 ವರ್ಷಗಳ ಅನುಭವವನ್ನು ತೋರಿಸಬೇಕು, ಸಾಮಾನ್ಯವಾಗಿ ಎರಡು ಪರೀಕ್ಷೆಗಳನ್ನು ಬರೆಯಬೇಕು: ಒಂದು ಕಾನೂನು ಮತ್ತು ವ್ಯವಹಾರದ್ದು, ಇನ್ನೊಂದು ಕಸುಬಿನದು. ಮೊದಲು 500 ಡಾಲರ್ ಮುಟ್ಟಿದ ಕೆಲಸಕ್ಕೆಲ್ಲ ಲೈಸೆನ್ಸ್ ಕಡ್ಡಾಯವಾಗಿತ್ತು. 2025ರ ಜನವರಿಯಿಂದ ಆ ಮಿತಿ 1,000 ಡಾಲರ್‌ಗೆ ಏರಿದೆ, ಆದರೆ ಸ್ಥಳೀಯ ಆಡಳಿತದ ಕಟ್ಟಡ ಅನುಮತಿ, ಅಂದರೆ ಪರ್ಮಿಟ್ ಬೇಕಾದ ಕೆಲಸಕ್ಕೂ ಆಳುಗಳನ್ನಿಟ್ಟು ಮಾಡಿಸುವ ಕೆಲಸಕ್ಕೂ ಈ ವಿನಾಯಿತಿ ಸಿಗುವುದಿಲ್ಲ.

ನನ್ನ ದೃಷ್ಟಿಯಲ್ಲಿ ಈ ಕಾನೂನಿನ ನಿಜವಾದ ಹಲ್ಲು ಇರುವುದು ಪರೀಕ್ಷೆಯಲ್ಲಲ್ಲ, 7031ನೆಯ ಸೆಕ್ಷನ್‌ನಲ್ಲಿ. ಲೈಸೆನ್ಸ್ ಬೇಕಾದ ಕೆಲಸವನ್ನು ಅದಿಲ್ಲದೆ ಮಾಡಿದವನು ಕೂಲಿಗಾಗಿ ಕೋರ್ಟಿಗೆ ಹೋಗುವಂತಿಲ್ಲ. ಅಷ್ಟೇ ಅಲ್ಲ, ಮಾಲೀಕ ಈಗಾಗಲೇ ಕೊಟ್ಟಿರುವ ಹಣವನ್ನೂ ವಾಪಸು ಕೇಳಬಹುದು. 1991ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣದಲ್ಲಿ, ಹೈಡ್ರೊಟೆಕ್ ಎಂಬ ನ್ಯೂಯಾರ್ಕ್ ಕಂಪನಿ ಪಾಮ್ ಸ್ಪ್ರಿಂಗ್ಸ್‌ನ ಒಂದು ಜಲಕ್ರೀಡಾ ಉದ್ಯಾನಕ್ಕೆ ಕೃತಕ ಅಲೆಗಳ ಕೊಳವನ್ನು ಕಟ್ಟಿಕೊಟ್ಟಿತ್ತು. ಅದರ ಬಳಿ ಕ್ಯಾಲಿಫೋರ್ನಿಯಾದ ಲೈಸೆನ್ಸ್ ಇರಲಿಲ್ಲ. ಬಾಕಿ ಹಣ ಬಾರದಿದ್ದಾಗ, ಹಣ ಕೊಡುವ ಉದ್ದೇಶವೇ ಇಲ್ಲದೆ ನಂಬಿಸಿ ಕೆಲಸ ಮಾಡಿಸಿಕೊಂಡರು ಎಂದು ಕಂಪನಿ ವಂಚನೆಯ ದಾವೆಯನ್ನೂ ಹೂಡಿತು. ಆ ಆರೋಪ ನಿಜವಿದ್ದರೂ ಲೈಸೆನ್ಸ್ ಇಲ್ಲದವನು ಮಾಡಿದ ಕೆಲಸದ ಹಣವನ್ನು ಆ ದಾರಿಯಿಂದಲೂ ವಸೂಲು ಮಾಡಲು ಬರುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಒಳ್ಳೆಯ ಕೆಲಸ ಮಾಡಿದವನಿಗೂ ಇದೇ ಗತಿಯೇ ಎಂಬ ಆಕ್ಷೇಪದಲ್ಲಿ ನ್ಯಾಯವಿದೆ, ಮತ್ತು ದುಡ್ಡಿರುವ ಮಾಲೀಕರ ಕೈಗೆ ಇದು ಆಯುಧವಾಗಬಲ್ಲದು ಎಂಬುದನ್ನು ನಾನು ಒಪ್ಪುತ್ತೇನೆ. ಆದರೂ ಲೈಸೆನ್ಸ್ ಇಲ್ಲದೆ ದೊಡ್ಡ ಕೆಲಸ ಹಿಡಿಯಲು ಅಲ್ಲಿ ಕಂಪನಿಗಳು ಹೆದರುವುದು ದಂಡಕ್ಕಿಂತ ಹೆಚ್ಚಾಗಿ ಈ ಸೆಕ್ಷನ್‌ಗೇ ಇರಬೇಕು.

ಮಂಡಳಿಯ ಜಾಲತಾಣದಲ್ಲಿ ಲೈಸೆನ್ಸ್ ಸಂಖ್ಯೆಯನ್ನು ಹಾಕಿದರೆ ಗುತ್ತಿಗೆದಾರನ ದಾಖಲೆ ತೆರೆದುಕೊಳ್ಳುತ್ತದೆ. ಬಹುತೇಕರು ಲೈಸೆನ್ಸ್ ಚಾಲ್ತಿಯಲ್ಲಿದೆ ಎಂಬ ಸಾಲನ್ನು ಕಂಡೊಡನೆ ಪುಟ ಮುಚ್ಚುತ್ತಾರೆ, ಆದರೆ ಓದಬೇಕಾದದ್ದು ಅದರ ಕೆಳಗಿದೆ. ಮೊದಲನೆಯದು ವರ್ಗ: ಸಿ-36 ಇರುವ ಪ್ಲಂಬರ್ ನಿಮ್ಮ ಚಾವಣಿಯ ಕೆಲಸಕ್ಕೆ ಬೆಲೆ ಹೇಳಿದರೆ, ಆ ಕೆಲಸದ ಮಟ್ಟಿಗೆ ಅವನು ಲೈಸೆನ್ಸ್ ಇಲ್ಲದವನೇ. ಆಮೇಲೆ ಬಾಂಡ್, ಅಂದರೆ ಗುತ್ತಿಗೆದಾರನಿಂದ ನಷ್ಟವಾದವರಿಗೆ ಪರಿಹಾರ ಸಿಗಲೆಂದು ಅವನು ಒದಗಿಸಬೇಕಾದ ಹಣದ ಖಾತರಿ. 2023ರಿಂದ ಇದರ ಮೊತ್ತ 15,000ದಿಂದ 25,000 ಡಾಲರ್‌ಗೆ ಏರಿದೆ, ಆದರೆ ಇದು ನಿಮ್ಮೊಬ್ಬರ ಕೆಲಸಕ್ಕೆ ಮೀಸಲಿಟ್ಟ ಹಣವಲ್ಲ. ಮೋಸಹೋದ ಇತರ ಮಾಲೀಕರೂ ಸಂಬಳ ಸಿಗದ ಕೆಲಸಗಾರರೂ ಇದೇ ಮೊತ್ತಕ್ಕೆ ಕೈಚಾಚಬಹುದು. ಅಡುಗೆಮನೆಯ ಕೆಲಸವೇ ಇದಕ್ಕಿಂತ ದುಬಾರಿಯಾಗುವ ಊರುಗಳಲ್ಲಿ ಇದನ್ನೇ ನಂಬಿ ಕೂರುವುದು ಜಾಣತನವಲ್ಲ. ಕೊನೆಯದಾಗಿ ಕೆಲಸಗಾರರ ಪರಿಹಾರ ವಿಮೆಯ ಸಾಲು. ಅಲ್ಲಿ ಕೆಲಸಗಾರರೇ ಇಲ್ಲವೆಂದು ಘೋಷಿಸಿ ವಿನಾಯಿತಿ ಪಡೆದಿರುವುದಾಗಿ ಇದ್ದು, ಮರುದಿನ ನಿಮ್ಮ ಮನೆಯ ಮುಂದೆ ನಾಲ್ಕು ಜನ ಏಣಿ ಇಳಿಸುತ್ತಿದ್ದರೆ, ಕೆಲಸ ಆರಂಭವಾಗುವ ಮುನ್ನವೇ ಕೇಳಬೇಕಾದ ಪ್ರಶ್ನೆಯೊಂದಿದೆ. ಚಾವಣಿಯವರಿಗಂತೂ ಆ ವಿನಾಯಿತಿಯೇ ಇಲ್ಲ, ಕೆಲಸಗಾರರಿಲ್ಲದಿದ್ದರೂ ಅವರು ವಿಮೆ ಮಾಡಿಸಲೇಬೇಕು.

ಮುಂಗಡಕ್ಕೂ ಅಲ್ಲಿ ಮಿತಿಯಿದೆ. ಮನೆ ದುರಸ್ತಿಯ ಕರಾರಿನಲ್ಲಿ ಒಟ್ಟು ಮೊತ್ತದ ಶೇ. 10 ಅಥವಾ 1,000 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನೇ ಸಾಮಾನ್ಯವಾಗಿ ಮುಂಗಡವಾಗಿ ಕೇಳಬಹುದು. ಸಾಮಗ್ರಿ ಕೊಳ್ಳಲು ಅರ್ಧ ಹಣವನ್ನು ಈಗಲೇ ಕೊಡಿ ಎನ್ನುವವನಿಗೆ ಈ ನಿಯಮ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲವೆಂದು ಅವನು ನಂಬಿದ್ದಾನೆ. ಹಾಗೆಯೇ, ಪರ್ಮಿಟ್ ನಿಮ್ಮ ಹೆಸರಿನಲ್ಲೇ ತೆಗೆದುಕೊಳ್ಳಿ, ಖರ್ಚು ಉಳಿಯುತ್ತದೆ ಎಂದು ಗುತ್ತಿಗೆದಾರ ಸಲಹೆ ಕೊಟ್ಟರೆ ಸಹಿ ಹಾಕುವ ಮೊದಲು ಅರ್ಜಿಯನ್ನು ಪೂರ್ತಿ ಓದಬೇಕು. ಆ ಸಹಿಯಿಂದ ಮನೆಯ ಮಾಲೀಕನೇ ಕಟ್ಟುವವನೂ ಆಗುತ್ತಾನೆ. ಕೆಲಸ ಕಟ್ಟಡ ನಿಯಮಕ್ಕೆ ಸರಿಹೊಂದದಿದ್ದರೆ ಉತ್ತರ ಕೊಡಬೇಕಾದವನು ಅವನು, ಲೈಸೆನ್ಸ್ ಇಲ್ಲದವನ ಕೈಯಲ್ಲಿ ಕೆಲಸ ಮಾಡುವ ಯಾರಾದರೂ ಗಾಯಗೊಂಡರೆ ಉದ್ಯೋಗದಾತನೆಂದು ಹೊಣೆ ಹೊರಬೇಕಾಗಿ ಬರಬಹುದಾದವನೂ ಅವನೇ.