‘ಇರೋ ಫಾಂಟನ್ನೇ ಸಣ್ಣ ಮಾಡಿದ್ರೆ ಆಗಲ್ವಾ ಸಾರ್?’ ಆಗಲ್ಲ

ಸಣ್ಣ ಗಾತ್ರದಲ್ಲಿ ಓದಲೆಂದೇ ಕನ್ನಡ ಫಾಂಟ್ ಮಾಡುತ್ತೇನೆ ಅಂದ ಕೂಡಲೇ ಹಾಸನದ ಪ್ರೆಸ್ಸಿನವರಿಂದ ಹಿಡಿದು ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಯವರ ತನಕ ಎಲ್ಲರ ಬಾಯಲ್ಲೂ ಬರುವುದು ಮೇಲಿನ ಪ್ರಶ್ನೆಯೇ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಲಿ.

ಪ್ರಶ್ನೆಗಿಂತ ಕೇಳುವ ಧಾಟಿಯೇ ಹೆಚ್ಚು ಕಿರಿಕಿರಿ. ‘ಎಂಟು ಪಾಯಿಂಟಿಗೆ ಇಳ್ಸಿಬಿಡಿ ಸಾರ್, ಅದ್ರಲ್ಲೇನಿದೆ?’ (ಪಾಯಿಂಟ್ ಅಂದರೆ ಅಕ್ಷರದ ಗಾತ್ರ ಅಳೆಯುವ ಮಾನ.) ಇನ್ನು ಕೆಲವರು ಇತಿಹಾಸದ ಕಡೆಯಿಂದ ಬರುತ್ತಾರೆ: ‘ಹಲ್ಮಿಡಿ ಶಾಸನದ ಕಾಲದಿಂದ ಇರೋ ಅಕ್ಷರ, ನೀವೇನು ಹೊಸದಾಗಿ ಕಂಡುಹಿಡೀತೀರಾ?’ ಹಲ್ಮಿಡಿ ನಮ್ಮ ಬೇಲೂರು ತಾಲ್ಲೂಕಿನದೇ, ಹೆಮ್ಮೆ ಇರಲಿ. ಆದರೆ ಸುಮಾರು ಕ್ರಿ.ಶ. 450ರದ್ದು ಎನ್ನುವ ಆ ಶಾಸನದ ಒಂದೇ ಒಂದು ಸಾಲನ್ನು ಈ ಮಾತಾಡುವವರು ಓದಿ ತೋರಿಸಲಿ, ಆಮೇಲೆ ನೋಡೋಣ. ಅಕ್ಷರ ಯಾವತ್ತೂ ತಾನು ಕೂರುವ ಜಾಗಕ್ಕೆ ತಕ್ಕಂತೆ ಮೈ ಬದಲಿಸಿಕೊಂಡೇ ಬಂದಿದೆ.

ಸೀಸದ ಮೊಳೆಗಳ ಕಾಲದಲ್ಲಿ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. 8 ಪಾಯಿಂಟಿನ ಮೊಳೆಯ ಅಚ್ಚೇ ಬೇರೆ, 12ರದು ಬೇರೆ, 24ರದು ಬೇರೆ. ಸಣ್ಣದನ್ನು ಕೊರೆಯುವಾಗ ಅಕ್ಷರವನ್ನು ಒಂಚೂರು ಅಗಲ ಮಾಡುತ್ತಿದ್ದರು, ಗೆರೆ ದಪ್ಪ ಮಾಡುತ್ತಿದ್ದರು, ಒಳಗಿನ ಬಿಳಿಯನ್ನು ಹಿಗ್ಗಿಸುತ್ತಿದ್ದರು. ಬೆಳಕಿನಿಂದ ಫಿಲಮ್ಮಿನ ಮೇಲೆ ಅಕ್ಷರ ಮೂಡಿಸುವ ಫೋಟೋ ಟೈಪ್‌ಸೆಟ್ಟಿಂಗ್, ಅದರ ಹಿಂದೆಯೇ ಕಂಪ್ಯೂಟರ್ ಬಂದ ಮೇಲೆ ಒಂದೇ ಚಿತ್ರವನ್ನು ಎಲ್ಲ ಸೈಜಿಗೂ ಎಳೆಯುವ ಅಭ್ಯಾಸ ಶುರುವಾಯಿತು. ಆದರೂ ತಿಳಿದವರು ಬಿಡಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಟೆಲಿಫೋನ್ ಡೈರೆಕ್ಟರಿಗೆಂದು ಮ್ಯಾಥ್ಯೂ ಕಾರ್ಟರ್ ಮಾಡಿದ ಬೆಲ್ ಸೆಂಟೆನಿಯಲ್ ಫಾಂಟಿನಲ್ಲಿ ಗೆರೆಗಳು ಕೂಡುವ ಮೂಲೆಮೂಲೆಗೂ ಕಚ್ಚು ಹಾಕಿದ್ದಾರೆ. ದೊಡ್ಡದಾಗಿ ನೋಡಿದರೆ ಇಲಿ ಕಡಿದ ಹಾಗೆ ಕಾಣುತ್ತದೆ. 6 ಪಾಯಿಂಟಿನಲ್ಲಿ, ಅಗ್ಗದ ಕಾಗದದ ಮೇಲೆ, ಶಾಯಿ ಹರಡಿ ಆ ಕಚ್ಚು ತುಂಬಿಕೊಂಡು ಅಕ್ಷರ ಸರಿಯಾಗಿ ಮೂಡುತ್ತದೆ. 2016ರಲ್ಲಿ ಬಂದ ವೇರಿಯಬಲ್ ಫಾಂಟುಗಳಲ್ಲಂತೂ ಗಾತ್ರಕ್ಕೆ ತಕ್ಕಂತೆ ಅಕ್ಷರ ತಾನೇ ರೂಪ ಬದಲಿಸುವ ಏರ್ಪಾಡು ಇದೆ. ಆದರೆ ಸಣ್ಣ ಗಾತ್ರದ್ದು, ದೊಡ್ಡ ಗಾತ್ರದ್ದು, ಆ ಎರಡು ರೂಪಗಳನ್ನೂ ಯಾರಾದರೂ ಕೂತು ಬರೆದಿರಬೇಕು, ಅಷ್ಟೆ.

ಈಗ ಲೆಕ್ಕ. 8 ಪಾಯಿಂಟ್ ಅಂದರೆ 2.82 ಮಿಲಿಮೀಟರ್. ಇದು ಅಕ್ಷರದ ಎತ್ತರ ಅಲ್ಲ, ಅಕ್ಷರ ಕೂರುವ ಚೌಕದ ಎತ್ತರ. ಫಾಂಟ್ ಬರೆಯುವಾಗ ಈ ಚೌಕವನ್ನು 1000 ಘಟಕ ಅಂತ ಭಾಗ ಮಾಡಿಕೊಳ್ಳುತ್ತೇವೆ. ಬಸ್ ಟಿಕೆಟ್, ಅಂಗಡಿ ಬಿಲ್ಲು ಮುದ್ರಿಸುವ ಸಾಮಾನ್ಯ ಥರ್ಮಲ್ ಮಷೀನು ಮಿಲಿಮೀಟರಿಗೆ 8 ಚುಕ್ಕೆ ಹಾಕುತ್ತದೆ. ಅಂದರೆ ಇಡೀ ಚೌಕಕ್ಕೆ ಸಿಗುವುದು 22 ಚುಕ್ಕೆ ಚಿಲ್ಲರೆ, ಒಂದು ಚುಕ್ಕೆಗೆ ಸುಮಾರು 44 ಘಟಕ. ಗೆರೆಗೆ ಎರಡು ಚುಕ್ಕೆ ದಪ್ಪ ಬೇಕೆಂದರೆ 88 ಘಟಕ ಇಡಬೇಕು. ಪುಸ್ತಕಕ್ಕೆಂದು ಬರೆದ ನಯವಾದ ಫಾಂಟಿನಲ್ಲಿ ತೆಳು ಗೆರೆ 35 ಘಟಕ ಇದ್ದರೆ ಒಂದು ಕಡೆ ಒಂದು ಚುಕ್ಕೆ ಬೀಳುತ್ತದೆ, ಇನ್ನೊಂದು ಕಡೆ ಬೀಳುವುದೇ ಇಲ್ಲ. ಗೆರೆ ಹರಿದು ಹೋಗುತ್ತದೆ.

ಇಂಗ್ಲಿಷಿಗೆ ಈ ಜಾಗದಲ್ಲಿ ಮೇಲಕ್ಕೊಂದು ಕಡ್ಡಿ, ಕೆಳಕ್ಕೊಂದು ಬಾಲ, ಮುಗಿಯಿತು. ನಮಗೆ ತಲಕಟ್ಟು, ಇಲ್ಲವೇ ಅದರ ಜಾಗದಲ್ಲಿ ಗುಡಿಸು, ಕೆಳಗೆ ಒತ್ತು, ‘ಸ್ತ್ರೀ’, ‘ರಾಷ್ಟ್ರ’ದಂಥವು ಬಂದರೆ ಒತ್ತಿನ ಜೊತೆಗೆ ಇನ್ನೊಂದು ಒತ್ತು. ಸಣ್ಣ ಗಾತ್ರಕ್ಕೆಂದು ಮೂಲಾಕ್ಷರದ ಎತ್ತರವನ್ನು 480 ಘಟಕದಿಂದ 560ಕ್ಕೆ ಏರಿಸಿದೆವು ಅನ್ನಿ. ಗುಡಿಸಿನ ತುದಿ 800 ಮುಟ್ಟುತ್ತದೆ. ಜೋಡಿ ಒತ್ತು ಕೆಳಗೆ 480ರವರೆಗೆ ಇಳಿಯುತ್ತದೆ. ಒಟ್ಟು 1280, ಚೌಕಕ್ಕಿಂತ ಜಾಸ್ತಿ, ಅಂದರೆ ಹತ್ತು ಪಾಯಿಂಟನ್ನೂ ತುಸು ಮೀರುತ್ತದೆ! ಹಾಗಾಗಿ 8 ಪಾಯಿಂಟಿನ ಕನ್ನಡಕ್ಕೆ ಸಾಲಿನಿಂದ ಸಾಲಿಗೆ 12 ಪಾಯಿಂಟಾದರೂ ಬೇಕು. ಇಂಗ್ಲಿಷಿಗೆ ಇಟ್ಟ ಹತ್ತನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂರುತ್ತದೆ. ಫಾಂಟಿನೊಳಗೆ ಮೇಲಿನ, ಕೆಳಗಿನ ಮಿತಿಯ ಅಂಕಿಗಳನ್ನು ಸರಿಯಾಗಿ ತುಂಬದಿದ್ದರೆ ಇನ್ನೂ ಚೆಂದ: ಮೊಬೈಲಿನಲ್ಲಿ ಒತ್ತಿನ ಅರ್ಧ ಕತ್ತರಿಸಿಯೇ ಹೋಗುತ್ತದೆ.

ಒತ್ತಿನ ವಿಷಯದಲ್ಲಿ ಸುಲಭದ ದಾರಿ ಒಂದಿದೆ, ಅದೇ ತಪ್ಪು ದಾರಿ. ಮೂಲಾಕ್ಷರವನ್ನೇ ಹೋಲುವ ಒತ್ತುಗಳಿಗೆ ಅದರ ತಲಕಟ್ಟು ತೆಗೆದು ಶೇ. 62ಕ್ಕೆ ಕುಗ್ಗಿಸಿ ಕೆಳಗೆ ಅಂಟಿಸುವುದು. 88ರ ಗೆರೆ ಅಲ್ಲಿಗೆ 55 ಆಗುತ್ತದೆ. ಮೇಲೆ ಕಪ್ಪು, ಕೆಳಗೆ ಬೂದು. ಒತ್ತನ್ನು ಬೇರೆಯಾಗಿ ಬರೆಯಬೇಕು: ಗಾತ್ರ ಶೇ. 65ರ ಆಸುಪಾಸು, ಗೆರೆ ಮಾತ್ರ 72ಕ್ಕೆ ಕಡಿಮೆ ಇಲ್ಲದಂತೆ, ಒಳಗಿನ ಸುರುಳಿ ಒಂದು ಸುತ್ತು ಕಡಿಮೆ. ಮೊದಲು ಕೈ ಹಾಕಬೇಕಾದದ್ದು ಲ, ತ, ದ, ಳ, ಕ, ನ ಒತ್ತುಗಳಿಗೆ. ಇಲ್ಲ, ಮತ್ತು, ಇದ್ದ, ಹಳ್ಳಿ, ಚಿಕ್ಕ, ನನ್ನ ಇವಿಲ್ಲದೆ ಒಂದು ಪ್ಯಾರಾ ಕನ್ನಡ ಬರೆಯುವುದು ಕಷ್ಟ. ಒತ್ತು ಮಾಸಿದರೆ ಕತ್ತೆ ಕತೆಯಾಗುತ್ತದೆ. ಇನ್ನು ಒತ್ತು ಬಲಕ್ಕೆ ಚಾಚಿ ಮುಂದಿನ ಅಕ್ಷರದ ಒತ್ತಿಗೆ ತಾಗುವ ಜಾಗಗಳಲ್ಲಿ ಆ ಒತ್ತಕ್ಷರದ ಅಗಲವನ್ನೇ ಹೆಚ್ಚಿಸಬೇಕು. ಒತ್ತನ್ನು ಕೆಳಕ್ಕೆ ತಳ್ಳಿದರೆ ಮತ್ತೆ ಅದೇ ಸಾಲಿನ ಜಗಳ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ, ಯಾರೂ ಕೇಳುವುದಿಲ್ಲ, ಆದ್ದರಿಂದ ನಾನೇ ಕೇಳಿಕೊಳ್ಳುತ್ತೇನೆ: ಸಣ್ಣದಾಗುತ್ತಾ ಹೋದರೆ ಮೊದಲು ಸಾಯುವ ಅಕ್ಷರ ಯಾವುದು?

ಮಹಾಪ್ರಾಣ. ದ-ಧ, ಡ-ಢ, ಪ-ಫ ಇವುಗಳ ನಡುವೆ ಇರುವ ವ್ಯತ್ಯಾಸ ಹೊಟ್ಟೆ ಸೀಳುವ ಆ ಒಂದು ಪುಟ್ಟ ಗೀಟು. ಗೀಟಿನ ಅಕ್ಕಪಕ್ಕದ ಬಿಳಿ 40 ಘಟಕ ಇದ್ದರೆ ಅದು ಒಂದು ಚುಕ್ಕೆಗಿಂತ ಕಡಿಮೆ, ಕಾಗದದ ಮೇಲೆ 0.11 ಮಿಲಿಮೀಟರ್. ಥರ್ಮಲ್ಲಿನಲ್ಲಿ ಶಾಖ, ಆಫ್‌ಸೆಟ್ಟಿನಲ್ಲಿ ಶಾಯಿ, ಎರಡೂ ಹರಡಿಕೊಂಡೇ ಬೀಳುವುದರಿಂದ ಆ ಬಿಳಿ ಮುಚ್ಚಿಹೋಗುತ್ತದೆ. ಅದನ್ನು 60-65ಕ್ಕೆ ಹಿಗ್ಗಿಸಬೇಕು. ಜೊತೆಗೆ ಗೀಟನ್ನು ಅಕ್ಷರದ ಪಾದಗೆರೆಯಿಂದ 70-80 ಘಟಕ ಕೆಳಕ್ಕೆ ಎಳೆಯಬೇಕು, ಬಿಳಿ ಮುಚ್ಚಿದರೂ ಬಾಲ ಉಳಿಯಲಿ ಅಂತ. ದೊಡ್ಡದಾಗಿ ನೋಡಿದರೆ ಒರಟು ಅನ್ನಿಸುತ್ತದೆ. ಅನ್ನಿಸಲಿ, ಅದು ಬ್ಯಾನರಿಗೆ ಬರೆದದ್ದಲ್ಲ.

ಅದರ ಹಿಂದೆಯೇ ಹೋಗುವವು ಠ, ಥ. ಹೊಟ್ಟೆಯೊಳಗಿನ ಚುಕ್ಕೆ ಗೋಡೆಗೆ ಅಂಟಿಕೊಂಡರೆ ಠ ಎಂಬುದು ಕಪ್ಪು ಉಂಡೆ. ಚುಕ್ಕೆಯನ್ನು ದೊಡ್ಡದು ಮಾಡಿದರೆ ಸಮಸ್ಯೆ ಹೆಚ್ಚುತ್ತದೆ, ಅಕ್ಷರವನ್ನೇ ಶೇ. 8-10ರಷ್ಟು ಅಗಲ ಮಾಡಬೇಕು. ಪ-ಷ ಜೋಡಿಯಲ್ಲಿ ಷದ ಒಳಗೆರೆಯನ್ನು ಉಳಿದದ್ದಕ್ಕಿಂತ ತುಸು ತೆಳ್ಳಗಿಡಬೇಕು, ಇಲ್ಲದಿದ್ದರೆ ಎರಡು ಬದಿಯ ಬಿಳಿಯೂ ಹೋಗುತ್ತದೆ. ವ-ಮ ಗೊತ್ತೇ ಇದೆ.

ಮುದ್ರಣದ ಮೇಜಿನ ಮೇಲೆ ಆಗುವ ಅನಾಹುತಗಳಿಗೆ ಫಾಂಟ್ ಮಾಡುವವನನ್ನು ಬೈಯಬೇಡಿ. ವಿಳಾಸ ಹಿಡಿಯಲಿಲ್ಲ ಅಂತ ಅಗಲವನ್ನು ಶೇ. 80ಕ್ಕೆ ಹಿಂಡುವುದು, ಎದ್ದು ಕಾಣಲಿ ಅಂತ ಬೋಲ್ಡ್ ಇಲ್ಲದ ಫಾಂಟಿಗೂ ಬೋಲ್ಡ್ ಗುಂಡಿ ಒತ್ತಿ ಒಳಗಿನ ಬಿಳಿಯನ್ನೆಲ್ಲ ಮುಚ್ಚುವುದು, ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಅಕ್ಷರಗಳ ಅಂತರ ಹೆಚ್ಚಿಸುವುದು. ಆ ಫಾಂಟುಗಳಲ್ಲಿ ದೀರ್ಘ, ಒತ್ತು ಎಲ್ಲ ಬಿಡಿಬಿಡಿ ತುಂಡು, ಅಂತರ ಹೆಚ್ಚಿಸಿದರೆ ದೀರ್ಘ ಪಕ್ಕದ ಮನೆಗೆ ಹೋಗಿ ನಿಲ್ಲುತ್ತದೆ. ಕಾಫಿಪುಡಿ ಪೊಟ್ಟಣದವರದು ಇನ್ನೊಂದು ಚಟ. ಕಡುಕಂದು ಹಿನ್ನೆಲೆಯಲ್ಲಿ ಬಿಳಿ ಅಕ್ಷರದಲ್ಲಿ ಚಿಕೋರಿ ಎಷ್ಟು ಪರ್ಸೆಂಟ್ ಅಂತ ಬರೆಸುತ್ತಾರೆ. ಅಲ್ಲಿ ಶಾಯಿ ಹೊರಗಿನಿಂದ ಒಳಕ್ಕೆ ನುಗ್ಗಿ ಅಕ್ಷರವನ್ನು ಸಪೂರ ಮಾಡುತ್ತದೆ. ಒಂದು ಹಂತ ದಪ್ಪ ಫಾಂಟ್ ಹಾಕಿ, ಗಾತ್ರ ಅರ್ಧ ಪಾಯಿಂಟ್ ಏರಿಸಿ. (ಚಿಕೋರಿ ಎಷ್ಟಿದೆ ಅಂತ ಗೊತ್ತಾಗಬಾರದು ಅನ್ನುವುದೇ ಉದ್ದೇಶವಾದರೆ ಈಗಿರುವುದೇ ಸರಿ.)

ಪರೀಕ್ಷೆ ಮಾಡುವುದು ಪರದೆಯ ಮೇಲೆ ಅಲ್ಲ. ಕೊನೆಗೆ ಯಾವ ಮಷೀನಿನಲ್ಲಿ, ಯಾವ ಕಾಗದದ ಮೇಲೆ ಬರುತ್ತದೋ ಅದರಲ್ಲೇ 7, 8, 9 ಪಾಯಿಂಟಿನಲ್ಲಿ ತೆಗೆಯಿರಿ. ಯಾರ ಕೈಗಾದರೂ ಕೊಟ್ಟು ‘ಓದಿ’ ಅನ್ನಬೇಡಿ, ‘ನೋಡಿಕೊಂಡು ಬರೆಯಿರಿ’ ಅನ್ನಿ. ಓದುವಾಗ ಜನ ಅರ್ಧ ಊಹಿಸುತ್ತಾರೆ, ‘ಧನ್ಯವಾದ’ದ ಹೊಟ್ಟೆ ಸೀಳದಿದ್ದರೂ ಧನ್ಯವಾದ ಅಂತಲೇ ಓದುತ್ತಾರೆ. ಊಹೆಗೆ ಸಿಗದವು ಹೆಸರುಗಳು. ನಮ್ಮ ಎರಡು ಜಿಲ್ಲೆಯ ಊರುಗಳೇ ಸಾಕು. ಬೇಲೂರು, ಬೀರೂರು ಅಕ್ಕಪಕ್ಕ ಇಡಿ. ಬೀರೂರನ್ನು ಬೇರೂರು ಅಂತ ಬರೆದರೆ ಗುಡಿಸಿನ ಒಳಗಿನ ಬಿಳಿ ಸಾಲದು, ಏತ್ವದ ಬಾಯಿಯನ್ನೂ ಇನ್ನಷ್ಟು ತೆರೆಯಬೇಕು. ಆಲ್ದೂರನ್ನು ಆಲೂರು ಅಂತ ಬರೆದರೆ ದ ಒತ್ತು ಬಡವಾಗಿದೆ. ಒಂದು ಚಿಕ್ಕಮಗಳೂರಿನದು, ಇನ್ನೊಂದು ಹಾಸನದ್ದು, ಎರಡೂ ನಿಜವಾದ ಊರುಗಳೇ ಆದ್ದರಿಂದ ತಪ್ಪು ಓದಿದವರಿಗೆ ತಪ್ಪಾಯಿತೆಂದು ತಿಳಿಯುವುದೂ ಇಲ್ಲ. ಆ ಒತ್ತಿನ ಗೆರೆಗೆ ಇನ್ನೊಂದು 6 ಘಟಕ ಸೇರಿಸಿ ಮತ್ತೆ ಪ್ರಿಂಟ್ ತೆಗೆಯಿರಿ.