ವ್ಯಾನಿನ ನೀರಿನ ಟ್ಯಾಂಕಿಗೆ ಉಸಿರು ಕಟ್ಟಿದ್ದೆಲ್ಲಿ?

ಶುಕ್ರವಾರ ರಾತ್ರಿ, ಸಕಲೇಶಪುರ

ಎರಡು ತಿಂಗಳಿಂದ ಮನೆ ಮುಂದೆ ನಿಂತೇ ಇದ್ದ ವ್ಯಾನನ್ನು ಇವತ್ತು ತುಮಕೂರಿನಿಂದ ಹೊರಡಿಸಿದೆವು. ಹಳೇ ಟೆಂಪೊ ಟ್ರಾವೆಲರ್ ಕೊಂಡು ಅಡುಗೆಕಟ್ಟೆ, ಮಂಚ, ನೀರು ಎಲ್ಲ ಕೂರಿಸಿಕೊಂಡಿರುವ ಗಾಡಿ. 110 ಲೀಟರಿನ ಟ್ಯಾಂಕು ಹಿಂದಿನ ಸೀಟಿನ ಕೆಳಗಿದೆ. ಬೆಳಗ್ಗೆ ತುಂಬಿಸುವಾಗ ನೀರು ಬಾಯಿಂದ ವಾಪಸ್ ಚಿಮ್ಮುತ್ತಿತ್ತು. ನಲ್ಲಿ ಜೋರಾಗಿರಬೇಕು ಅಂದುಕೊಂಡು ಸಣ್ಣ ಮಾಡಿ ತುಂಬಿಸಿದೆ.

ಸಂಜೆ ಅಮ್ಮ ಅಕ್ಕಿ ತೊಳೆಯೋಕೆ ನಿಂತರು. ಮೊದಲು ಚೆನ್ನಾಗೇ ಬಂತು. ಎರಡನೇ ಸಲ ತೊಳೆಯುವ ಹೊತ್ತಿಗೆ ಧಾರೆ ಸಣ್ಣಗಾಗುತ್ತಾ ದಾರದಷ್ಟಾಯಿತು. ಪಂಪು ಮಾತ್ರ ಗುರ್ ಅಂತ ಓಡುತ್ತಲೇ ಇತ್ತು. ಆಫ್ ಮಾಡಿ ಕಾಲು ಗಂಟೆ ಬಿಟ್ಟು ನೋಡಿದರೆ ಮತ್ತೆ ಸರಿ.

"ಪಂಪು ಹೋಗಿದೆ ಅನ್ಸುತ್ತೆ ಕಣೋ," ಅಂದರು ಅಮ್ಮ. ನನಗೂ ಹಾಗೇ ಅನ್ನಿಸಿತು.

ಭಾನುವಾರ, ಮನೆ

ಹೊಸ ಪಂಪಿಗೆ ದುಡ್ಡು ಸುರಿಯುವ ಮುಂಚೆ ಒಂದು ಪರೀಕ್ಷೆ. ಪಂಪಿನಿಂದ ಟ್ಯಾಂಕಿಗೆ ಹೋಗುವ ಪೈಪನ್ನು ಟ್ಯಾಂಕಿನ ಕಡೆಯಿಂದ ಬಿಚ್ಚಿ ನೀರು ತುಂಬಿದ ಬಕೆಟ್ಟಿಗೆ ಇಳಿಬಿಟ್ಟೆ. 5 ಲೀಟರ್ ಕ್ಯಾನು 36 ಸೆಕೆಂಡಿಗೆ ತುಂಬಿತು. ನಲ್ಲಿ ಮುಚ್ಚಿದ ತಕ್ಷಣ ಪಂಪೂ ಟಕ್ ಅಂತ ನಿಂತಿತು. ಜಾಲರಿಯಲ್ಲೂ ಕಸವಿಲ್ಲ. ಪಂಪಿನ ತಪ್ಪು ಏನೂ ಇರಲಿಲ್ಲ.

ಈ 12 ವೋಲ್ಟ್ ಡಯಾಫ್ರಮ್ ಪಂಪುಗಳು ಒತ್ತಡ ನೋಡಿಕೊಂಡು ತಾವೇ ನಿಲ್ಲುತ್ತವೆ. ನಲ್ಲಿ ಮುಚ್ಚಿದ್ದರೂ ಓಡುತ್ತಲೇ ಇದ್ದರೆ ಟ್ಯಾಂಕು ಖಾಲಿಯಾಗಿರಬೇಕು, ಇಲ್ಲವೇ ಪಂಪಿಗೆ ಮುಂಚಿನ ಯಾವುದೋ ಜಾಯಿಂಟು ಗಾಳಿ ಎಳೆಯುತ್ತಿರಬೇಕು. ಯಾರೂ ನೀರು ಮುಟ್ಟದ ರಾತ್ರಿಯಲ್ಲಿ ಆಗಾಗ ಟುರ್ ಅಂದು ಸುಮ್ಮನಾದರೆ ಪಂಪಿನ ಆಚೆ ಎಲ್ಲೋ ಸೋರಿಕೆ, ಅಥವಾ ಪಂಪಿನೊಳಗಿನ ವಾಲ್ವು ಬಿಗಿಯಾಗಿ ಕೂರುತ್ತಿಲ್ಲ. ನಮ್ಮದು ಇವೆರಡೂ ಅಲ್ಲ. ಆದರೂ ಟ್ಯಾಂಕು ಮತ್ತು ಪಂಪಿನ ನಡುವೆ ಒಂದು ಅಡಿ ಪಾರದರ್ಶಕ ಪೈಪು ಹಾಕಿ, ಕ್ಲಿಪ್ಪುಗಳನ್ನೆಲ್ಲ ಬಿಗಿ ಮಾಡಿ ಓಡಿಸಿ ನೋಡಿದೆ. ಒಂದು ಗುಳ್ಳೆಯೂ ಬರಲಿಲ್ಲ. ಧಾರೆ ಮಾತ್ರ ಮತ್ತೆ ಸೊರಗಿತು.

ಟ್ಯಾಂಕಿನ ಮೇಲೆ ಕೈ ಇಟ್ಟಾಗ ವಿಷಯ ಗೊತ್ತಾಯಿತು. ಚಪ್ಪಟೆಯಾಗಿರಬೇಕಾದ ಮೇಲ್ಮೈ ತಟ್ಟೆಯ ಹಾಗೆ ಒಳಕ್ಕೆ ಕುಸಿದಿತ್ತು. ತುಂಬಿಸುವ ಬಾಯಿಯ ಮುಚ್ಚಳ ಸಡಿಲಿಸಿದೆ. ಸುಯ್ ಅಂತ ಗಾಳಿ ಒಳಗೆ ನುಗ್ಗಿತು, ಟ್ಯಾಂಕು ಟಪ್ಪೆಂದು ಮೇಲೆದ್ದಿತು, ಅಡುಗೆಕಟ್ಟೆಯ ನಲ್ಲಿಯಲ್ಲಿ ನೀರು ಭರ್ತಿ! ಗಾಳಿ ಪೈಪು ಕಟ್ಟಿಕೊಂಡಿತ್ತು. ನೀರು ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು, ತುಂಬಿಸುವಾಗ ಒಳಗಿನ ಗಾಳಿ ಆಚೆ ಹೋಗಬೇಕು. ಶುಕ್ರವಾರ ಬೆಳಗ್ಗೆ ನೀರು ಚಿಮ್ಮಿದ್ದಕ್ಕೂ ಇದೇ ಕಾರಣ. ಆಗಲೇ ಯೋಚಿಸಿದ್ದರೆ ಅಮ್ಮ ಲೋಟದಲ್ಲಿ ನೀರು ಹಿಡಿದು ಅಕ್ಕಿ ತೊಳೆಯಬೇಕಾಗುತ್ತಿರಲಿಲ್ಲ. ಅದು ಇನ್ನೂ ಮನಸ್ಸಿಗೆ ಚುಚ್ಚುತ್ತಿದೆ.

ಗಾಡಿ ಕೆಳಗೆ ಮಲಗಿ ಅರ್ಧ ಇಂಚಿನ ಆ ಪೈಪಿಗೆ ತಂತಿ ತೂರಿಸಿದೆ. ಕೆಂಪು ಮಣ್ಣು ಉದುರಿತು. ಅದರ ಹಿಂದೆ ಕಾಲು ಮಡಚಿಕೊಂಡ ಸಣ್ಣ ಜೇಡಗಳು, ಒಂದರ ಮೇಲೊಂದು ಒತ್ತಿಟ್ಟ ಹಾಗೆ. ಕುಂಬಾರ ಹುಳದ ಗೂಡು! ಮರಿಗೆ ಆಹಾರವಾಗಲಿ ಅಂತ ಜೇಡಗಳನ್ನು ಚುಚ್ಚಿ ಜಡ ಮಾಡಿ ತುಂಬಿ, ಮೊಟ್ಟೆ ಇಟ್ಟು, ಬಾಯಿಗೆ ಹಸಿ ಮಣ್ಣು ಮೆತ್ತಿ ಹೋಗಿದೆ. ಗಾಡಿ ನಿಂತೇ ಇದ್ದ ಎರಡು ತಿಂಗಳಲ್ಲಿ ಅದಕ್ಕೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗಬೇಕು.

ಮುಂದಿನ ಶನಿವಾರ

ಗಾಳಿ ಪೈಪನ್ನು ಗಾಡಿಯ ತಳದಿಂದ ತೆಗೆದು, ಟ್ಯಾಂಕಿಗಿಂತ ಎತ್ತರದಲ್ಲಿ ಪಕ್ಕದ ಗೋಡೆಗೆ ತಂದೆ. ತುದಿ ಕೆಳಮುಖವಾಗಿ ಬಾಗಿದೆ, ಬಾಯಿಗೆ ಸ್ಟೀಲ್ ಸೊಳ್ಳೆ ಜಾಲರಿ ಕಟ್ಟಿದ್ದೇನೆ. ಕುಡಿಯುವ ನೀರಿಗೆ ಹೋಗುವ ಗಾಳಿಯನ್ನು ರಸ್ತೆ ಧೂಳಿನ ಮಟ್ಟದಿಂದ ಎಳೆಯುವುದು ನನ್ನ ಮಟ್ಟಿಗೆ ತಪ್ಪೇ.

ಟ್ಯಾಂಕು ಬಿಚ್ಚಿದ್ದಕ್ಕೆ ಇನ್ನೆರಡು ಕೆಲಸವೂ ಆಯಿತು. ಟ್ಯಾಂಕು ಅರ್ಧ ಖಾಲಿಯಾದರೂ ನೀರಿನ ಮಟ್ಟ ತೋರಿಸುವ ನಾಲ್ಕೂ ದೀಪ ಉರಿಯುತ್ತಿದ್ದದ್ದು ನಮ್ಮ ಬೋರ್‌ವೆಲ್ ನೀರಿನ ಗಡಸಿನಿಂದ. ಸೆನ್ಸರಿನ ಕಡ್ಡಿಗಳಿಗೆ ಬಿಳಿ ಗಾರೆ ಹಿಡಿದಿತ್ತು. ಬಿಸಿನೀರಿಗೆ ನಿಂಬೆ ಉಪ್ಪು ಹಾಕಿ ಒಂದು ಗಂಟೆ ನೆನೆಸಿದೆ, ಹಲ್ಲುಜ್ಜುವ ಬ್ರಶ್ಶಿಗೇ ಬಿಟ್ಟುಕೊಂಡಿತು.

ಇನ್ನೊಂದು ವಾಸನೆ. ಮೇಲಿನ ಮುಚ್ಚಳದಿಂದ ಕೈ ಹಾಕಿದರೆ ತಳವೆಲ್ಲ ಲೋಳೆ ಲೋಳೆ. ಉಜ್ಜಿ ತೊಳೆದು, 100 ಲೀಟರ್ ನೀರಿಗೆ ಶೇಕಡಾ 5ರ ಸೋಡಿಯಂ ಹೈಪೊಕ್ಲೋರೈಟ್ 100 ಮಿ.ಲೀ. ಸೇರಿಸಿದೆ. ಲೀಟರಿಗೆ 50 ಮಿಲಿಗ್ರಾಂ ಆಗುತ್ತದೆ. ಕ್ಲೋರಿನ್ ವಾಸನೆ ಬರುವ ತನಕ ಒಂದೊಂದೇ ನಲ್ಲಿ ಬಿಟ್ಟು, ರಾತ್ರಿಯಿಡೀ ಹಾಗೇ ಇಟ್ಟು, ಬೆಳಗ್ಗೆ ಖಾಲಿ ಮಾಡಿ ವಾಸನೆ ಹೋಗುವ ತನಕ ಒಳ್ಳೆ ನೀರಲ್ಲಿ ತೊಳೆದೆ. ನೀವೂ ಮಾಡುವುದಾದರೆ ದಯವಿಟ್ಟು ನಿಂಬೆ ಉಪ್ಪಿನ ನೀರನ್ನು ಪೂರ್ತಿ ಚೆಲ್ಲಿ ತೊಳೆದ ಮೇಲೇ ಇದನ್ನು ಹಾಕಿ. ಎರಡೂ ಸೇರಿದರೆ ವಿಷಗಾಳಿ ಏಳುತ್ತದೆ.

ಭಾನುವಾರ ಸಂಜೆ

ಟ್ಯಾಂಕು ಭರ್ತಿ, ಮುಚ್ಚಳ ಬಿಗಿ. 5 ಲೀಟರಿಗೆ 36 ಸೆಕೆಂಡು. ಟ್ಯಾಂಕು ತಳ ಕಾಣುವ ಹೊತ್ತಿಗೂ ಅಷ್ಟೇ. ಉಳಿದಿರುವುದು ಟ್ಯಾಂಕಿನ ಬೆಲ್ಟು: ತುಂಬಿದಾಗ ನೀರೇ 110 ಕಿಲೋ, ಘಾಟಿ ತಿರುವುಗಳಲ್ಲಿ ಒಂದು ಕಡೆ ಎರಡು ಬೆರಳಷ್ಟು ಸಡಿಲ ಬಿದ್ದಿದೆ. ಬುಧವಾರ ವೆಲ್ಡಿಂಗ್ ಅಂಗಡಿಗೆ ಒಯ್ಯುತ್ತೇನೆ.